ಗೋಲುಬಲೆಯ ಸಾಕ್ಷಿ

ಮೈತುಂಬ ತೂತು ಹೊತ್ತುಕೊಂಡೇ ಹುಟ್ಟಿದ ಜೀವ ನನ್ನದು. ಕೊಡಕ್ಕೆ ತೂತು ಬಿದ್ದರೆ ತಿಪ್ಪೆಗೆ ಎಸೆಯುತ್ತಾರೆ, ಚಪ್ಪರಕ್ಕೆ ತೂತು ಬಿದ್ದರೆ ಬೈದುಕೊಳ್ಳುತ್ತಾರೆ. ನನಗೋ, ತೂತುಗಳೇ ಒಡಲು. ನಾನು ಹುಲಕೊಪ್ಪದ ನೂಲಿನ ಮಿಲ್ಲಿನ ಫುಟ್‌ಬಾಲ್ ತಂಡದ ಗೋಲುಬಲೆ. ಈಗ ಒಂದು ಹಿತ್ತಲಿನಲ್ಲಿ ಕೋಳಿಗಳ ಮೇಲೆ ಹೊದಿಕೆಯಾಗಿ ಬಿದ್ದಿದ್ದೇನೆ. ನಗಬೇಡಿ. ಒಂದು ಕಾಲಕ್ಕೆ ನನ್ನ ಮೈ ಒಮ್ಮೆ ಉಬ್ಬಿತೆಂದರೆ ಮಿಲ್ಲಿನ ಸಾಲುಮನೆಗಳ ಜನವೆಲ್ಲ ಎದ್ದು ಕುಣಿಯುತ್ತಿತ್ತು.

ನಾನು ಹುಟ್ಟುವ ಮೊದಲು ಹುಲಕೊಪ್ಪದ ಮೈದಾನದಲ್ಲಿ ಬರೀ ಕಂಬಗಳಿದ್ದವು. ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಎಂದು ಪ್ರತಿ ಪಂದ್ಯಕ್ಕೂ ಜಗಳ. ಅಂಗಿ ಹರಿಯುವುದು, ಮೂಗು ಒಡೆಯುವುದು ಎಲ್ಲ ನಡೆಯುತ್ತಿತ್ತಂತೆ. ತಂಡ ಸಿ ಡಿವಿಷನ್ನಿನಿಂದ ಬಿ ಡಿವಿಷನ್ನಿಗೆ ಏರಿದಾಗ, ಇನ್ನು ಮೇಲೆ ಬಲೆ ಇರಲೇಬೇಕು ಎಂದು ಲೀಗಿನವರು ಹೇಳಿದರು. ಜಗಳ ತಪ್ಪಿಸಲೆಂದೇ ನನ್ನನ್ನು ಹುಟ್ಟಿಸಿದರು ಅನ್ನಿ. ಹಣೆಬರಹ ನೋಡಿ!

ನನ್ನನ್ನು ಹೆಣೆದವನು ದಾವಲಸಾಬ ನದಾಫ. ಮಿಲ್ಲಿನ ಮೈದಾನ ನೋಡಿಕೊಳ್ಳುತ್ತಿದ್ದ ಆಳು. ಕ್ಲಬ್ಬಿನ ಕಾರ್ಯದರ್ಶಿ ದೇವದಾನಪ್ಪನವರು ಹುಬ್ಬಳ್ಳಿಯಿಂದ ಬಲೆ ತರಿಸೋಣವೆಂದರೆ ಇವನಿಗೆ ಸಿಟ್ಟು ಬಂತು.

"ನೂಲಿನ ಮಿಲ್ಲಿನ್ಯಾಗ ಕುಂತು ಬಲೆ ಕೊಂಡು ತರೂದೇನ್ರಿ? ನಾಕ ಮಂದಿ ಕೇಳಿದ್ರ ನಗತಾರ."

ಎಳೆತನದಲ್ಲಿ ಮಲಪ್ರಭೆಯ ದಂಡೆಯ ಅಂಬಿಗರ ಜೊತೆ ಕುಳಿತು ಅವನು ಮೀನುಬಲೆ ಹೆಣೆಯುವುದನ್ನು ಕಲಿತಿದ್ದ. ಮಿಲ್ಲಿನ ಹತ್ತಿನೂಲನ್ನೇ ದಪ್ಪಗೆ ಹುರಿ ಮಾಡಿ, ಬಿದಿರಿನ ಸೂಜಿಗೆ ಸುತ್ತಿ, ಮೊದಲು ನನ್ನ ಅಕ್ಕನನ್ನು, ಆಮೇಲೆ ನನ್ನನ್ನು ಹೆಣೆದ. ಅಕ್ಕ ಬಾವಿಯ ಕಡೆಯ ಗೋಲಿಗೆ ಹೋದಳು, ನಾನು ಮಿಲ್ಲಿನ ಗೋಡೆಯ ಕಡೆಯ ಗೋಲಿಗೆ ಬಂದೆ. ಬಿಸಿಲು ಮಳೆಗೆ ನೂಲು ಹಾಳಾಗಬಾರದೆಂದು ಆವರಿಕೆ ತೊಗಟೆ ಕುದಿಸಿದ ನೀರಿನಲ್ಲಿ ನಮ್ಮನ್ನು ಅದ್ದಿ ತೆಗೆದ. ಒಣಗಿದಾಗ ನಾನು ಇಟ್ಟಿಗೆಗೆಂಪಾಗಿದ್ದೆ. ಕಂಬಕ್ಕೆ ಕಟ್ಟಿದ ದಿನ ದಾವಲಸಾಬ ದೂರ ನಿಂತು ನೋಡಿ, ಮದುವೆಗೆ ನಿಂತ ಮಗಳನ್ನು ನೋಡಿದವನ ಹಾಗೆ ಕಣ್ಣೊರೆಸಿಕೊಂಡ.

ಮಳೆ ಬಂದರೆ ತನ್ನ ತಲೆಗಿಂತ ಮೊದಲು ನನ್ನ ತಲೆಗೆ ತಾಡಪತ್ರಿ ಹೊದಿಸುತ್ತಿದ್ದ. ಒಂದು ಗಂಟು ಸಡಿಲವಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಸೊಂಟದ ಜೇಬಿನಲ್ಲಿ ಪುಟ್ಟ ಚಾಕು, ಕಿವಿಯ ಸಂದಿಯಲ್ಲಿ ಬಿದಿರಿನ ಸೂಜಿ, ಇವಿಲ್ಲದ ದಾವಲಸಾಬನನ್ನು ನಾನು ನೋಡಿಯೇ ಇಲ್ಲ.

ಹುಲಕೊಪ್ಪದಲ್ಲಿ ಒಂದು ಪದ್ಧತಿ ಇತ್ತು. ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಒಮ್ಮೆ ನಮ್ಮ ತಂಡ ಗೆದ್ದ ದಿನವೇ ಗೋಲ್‌ಕೀಪರನ ಹೆಂಡತಿ ಹೆತ್ತಳು. ಅವನು ಖುಷಿಯಲ್ಲಿ ನನ್ನಿಂದ ಒಂದು ಎಳೆ ಕೊಯ್ಯಿಸಿಕೊಂಡು ಹೋಗಿ ತೊಟ್ಟಿಲಿಗೆ ಕಟ್ಟಿದ. ಆ ಕೂಸು ಗುಂಡುಕಲ್ಲಿನ ಹಾಗೆ ಬೆಳೆಯಿತು. ಸಾಕಲ್ಲ! ಅಂದಿನಿಂದ ಯಾರ ಮನೆಯಲ್ಲಿ ಹೆರಿಗೆಯಾದರೂ, ತಂಡ ಗೆದ್ದ ಕೂಡಲೇ ಬಂದು ನಿಲ್ಲುವರು. "ಕಾಕಾ, ಒಂದು ಎಳಿ ಕೊಡೋ, ಕೂಸಿಗೆ ದೃಷ್ಟಿ ಆಗಬಾರ್ದು." ಹಿಂದೂ ತೊಟ್ಟಿಲು, ಮುಸಲ್ಮಾನರ ತೊಟ್ಟಿಲು, ಕಿರಿಸ್ತಾನರ ತೊಟ್ಟಿಲು, ಎಲ್ಲದರಲ್ಲೂ ನಾನಿದ್ದೆ. ಆದರೆ ಕಟ್ಟಳೆ ಕಟ್ಟುನಿಟ್ಟು. ಗೆದ್ದ ಮೇಲೆಯೇ ಕೊಯ್ಯಬೇಕು. ದಾವಲಸಾಬನೇ ಕೊಯ್ಯಬೇಕು. ಕೊಯ್ದ ಜಾಗವನ್ನು ಹೊತ್ತು ಮುಳುಗುವುದರೊಳಗೆ ಹೊಸ ಹುರಿಯಿಂದ ಹೆಣೆದುಬಿಡಬೇಕು. ಹೀಗೆ ಕೊಟ್ಟು ಕೊಟ್ಟು, ಕಟ್ಟಿಸಿಕೊಂಡು ಕಟ್ಟಿಸಿಕೊಂಡು, ಹುಟ್ಟಿದಾಗಿನ ನೂಲು ನನ್ನ ಮೈಯಲ್ಲಿ ಅರ್ಧ ಉಳಿದಿತ್ತೋ ಇಲ್ಲವೋ. ನನಗೆ ಅದರ ಬೇಸರ ಎಂದೂ ಆಗಲಿಲ್ಲ.

ಹೀಗಿರುವಾಗ ಮಿಲ್ಲು ಕೈ ಬದಲಿಸಿತು. ಹೊಸ ಯಜಮಾನರು ಚೆಂಡನ್ನು ಕಾಲಿನಿಂದಿರಲಿ, ಕಣ್ಣಿನಿಂದಲೂ ಮುಟ್ಟಿದವರಲ್ಲ. ಅವರು ಒಂದೇ ಮಾತು ಹೇಳಿದರು. ತಂಡ ಬಿ ಡಿವಿಷನ್ನಿನಲ್ಲಿ ಉಳಿದರೆ ಕ್ಲಬ್ಬೂ ಇರುತ್ತದೆ, ಮೈದಾನವೂ ಇರುತ್ತದೆ. ಕೆಳಗಿಳಿದರೆ ಅಲ್ಲಿ ಅರಳೆಯ ಗೋದಾಮು ಏಳುತ್ತದೆ. ಆ ವರ್ಷವೇ ನಮ್ಮ ತಂಡಕ್ಕೆ ಶನಿ ಹೆಗಲೇರಿದ್ದ. ಸೋತು ಸೋತು ಕಡೆಯ ಪಂದ್ಯಕ್ಕೆ ಬಂದು ನಿಂತೆವು. ಗೆದ್ದರೆ ಉಳಿಗಾಲ, ಸಮ ಮಾಡಿಕೊಂಡರೂ ಸಾಲದು. ಅದೃಷ್ಟಕ್ಕೆ ಪಂದ್ಯ ನಮ್ಮ ಮೈದಾನದಲ್ಲೇ ಇತ್ತು.

ಅದೇ ಬೆಳಗ್ಗೆ ದಾವಲಸಾಬನ ಮಗಳು ಜೈತುನ ಹೆತ್ತಳು. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು ಪಾಪ. ಇದಕ್ಕೆ ಮೊದಲು ಹುಟ್ಟಿದ ಎರಡು ಕೂಸುಗಳು ಅವಳ ಮಡಿಲಲ್ಲಿ ಉಳಿದಿರಲಿಲ್ಲ. ಇದೂ ಹೆಣ್ಣುಕೂಸು, ಅಂಗೈಯಗಲ ಇತ್ತಂತೆ, ಅಳಲೂ ತ್ರಾಣವಿರಲಿಲ್ಲವಂತೆ. ಜೈತುನ ಅಪ್ಪನ ಕೈ ಹಿಡಿದುಕೊಂಡು, "ಅಪ್ಪಾ, ಊರ ಕೂಸಿಗೆಲ್ಲಾ ಎಳಿ ಕೊಟ್ಟಿ, ನನ್ನ ಕೂಸಿಗೂ ಒಂದು ತಂದು ಕಟ್ಟು," ಅಂದಳು.

"ಸಂಜೀಕ ಗೆದ್ದಮ್ಯಾಲೆ ತರ್ತೀನವ್ವಾ. ಗೆಲ್ಲದ ಕೊಯ್ಯಬಾರ್ದು."

"ಸಂಜೀತನಕ ಇದು ಉಳೀತೈತೇನಪಾ?"

ಇದನ್ನೆಲ್ಲ ದಾವಲಸಾಬನೇ ಆಮೇಲೆ ನನ್ನ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ನಾನು ಕಂಡದ್ದು ಇಷ್ಟೇ. ಇಬ್ಬನಿ ಇನ್ನೂ ಆರಿರದ ಮೈದಾನದಲ್ಲಿ ಅವನು ಬರಿಗಾಲಲ್ಲಿ ಓಡಿ ಬಂದ. ಬಲಗಂಬದ ಬುಡದ ಹತ್ತಿರ ಮಂಡಿಯೂರಿದ. ಒಂದು ಎಳೆ ಕೊಯ್ಯಲು ಹೋದವನು ಅವಸರದಲ್ಲಿ ಮೂರು ನಾಲ್ಕು ಗಂಟುಗಳನ್ನೇ ಕೊಯ್ದ. ಹೆಣೆಯಲು ಹುರಿ ತಂದಿರಲಿಲ್ಲ. ಜೇಬಿನಲ್ಲಿದ್ದ ಸಪೂರ ನೂಲನ್ನೇ ತೂತಿಗೆ ಅಡ್ಡ ಎಳೆದು, "ಬಂದ ಹೆಣೀತೀನಿ ತಾಯಿ, ಒಂದ ಗಳಿಗಿ ತಾಳು," ಎಂದು ನನಗೇ ಹೇಳಿ ಓಡಿದ.

ಬರಲಿಲ್ಲ. ಕೂಸಿನ ಉಸಿರು ಒಮ್ಮೆ ಬರುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ತೊಟ್ಟಿಲು ಬಿಟ್ಟು ಏಳಲು ಅವನಿಂದ ಆಗಲಿಲ್ಲ. ಕಡೆಗೆ ಕೂಸು ಕೆಂಪಗಾಗಿ ಕಿರುಚಿ ಹಾಲಿಗೆ ಬಾಯಿ ಹಾಕಿದಾಗ ಇತ್ತ ಎರಡನೆಯ ಅರ್ಧ ಮುಗಿಯಲು ಬಂದಿತ್ತು, ಎರಡೂ ಕಡೆ ಒಂದು ಗೋಲೂ ಆಗಿರಲಿಲ್ಲ. ಅವನು ಮೈದಾನದ ಬೇಲಿ ದಾಟುವುದಕ್ಕೂ ನಮ್ಮ ಫಕ್ಕೀರಪ್ಪ ಚೆಂಡು ಹಿಡಿದು ನನ್ನತ್ತ ನುಗ್ಗುವುದಕ್ಕೂ ಸರಿಹೋಯಿತು.

ಫಕ್ಕೀರಪ್ಪ ಹೊಸಮನಿ ನಮ್ಮ ಕ್ಯಾಪ್ಟನ್. ಮಿಲ್ಲಿನಲ್ಲಿ ಅರಳೆ ಮೂಟೆ ಹೊರುವವನು, ಕಾಲಿನಲ್ಲಿ ಕೋಣದ ಬಲ. ಇಬ್ಬರನ್ನು ದಾಟಿದ, ಮೂರನೆಯವನ ಕಾಲಿಗೆ ಎಡವಿದ, ಬೀಳುತ್ತ ಬೀಳುತ್ತಲೇ ಒದ್ದ. ಚೆಂಡು ನೆಲ ಸವರಿಕೊಂಡು ಬಲಗಂಬದ ಒಳಮೈಯಿಂದ ಬಂತು. ನೇರ ಆ ಜಾಗಕ್ಕೇ. ಸಪೂರ ನೂಲು ಪಟ್ಟನೆ ಹರಿಯಿತು. ಚೆಂಡು ನನ್ನನ್ನು ಸವರಿ, ಪಾರಾಗಿ, ಹಿಂದಿನ ಗೋಡೆಗೆ ಬಡಿದು, ಕಂಬದ ಹೊರಬದಿಗೆ ಉರುಳಿಬಂದು ನಿಂತಿತು. ನನ್ನ ಮೈ ಉಬ್ಬಲೇ ಇಲ್ಲ. ಜನ ಕಾಯುತ್ತಿದ್ದುದು ನನ್ನ ಮೈ ಉಬ್ಬುವುದನ್ನೇ ಅಲ್ಲವೇ? ಒಬ್ಬರೂ ಎದ್ದು ಕುಣಿಯಲಿಲ್ಲ.

"ಹೊರಗಿಂದ ಹೋಗೇತ್ರಿ ಸರ್!" ಎದುರು ತಂಡದ ಗೋಲ್‌ಕೀಪರ್ ಕೈಯೆತ್ತಿದ.

ರೆಫ್ರಿ ದೂರದಲ್ಲಿದ್ದರು. ಓಡಿ ಬಂದು ನೋಡಿದಾಗ ಚೆಂಡು ಹೊರಗೇ ಇತ್ತು. ಗೋಲ್ ಕಿಕ್ಕಿಗೆ ಕೈ ತೋರಿಸಿದರು. ಅಷ್ಟರಲ್ಲಿ ದಾವಲಸಾಬ ಏದುಸಿರು ಬಿಡುತ್ತ ಬಂದು ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಸರ್, ಗೋಲ್ರೀ ಅದು! ಒಳಗಿಂದನ ಬಂದು ಇಲ್ಲಿಂದ ಪಾರಾಗೇತಿ, ನೋಡ್ರಿ ಇಲ್ಲೆ!"

ರೆಫ್ರಿ ಬಗ್ಗಿ ನೋಡಿದರು. "ಇದು ಹರಿದದ್ದಲ್ಲ, ಕೊಯ್ದದ್ದು. ಯಾರು ಕೊಯ್ದರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ದಾವಲಸಾಬನ ಕೈ ತಾನಾಗಿ ಸೊಂಟದ ಜೇಬಿಗೆ ಹೋಯಿತು. ಎದುರು ತಂಡದವರು ಬಿಟ್ಟಾರೆಯೇ? ಜೇಬಿಗೆ ಕೈ ಹಾಕಿ ಚಾಕು ಎಳೆದರು. "ನೋಡ್ರಿ ಸರ್, ಚಾಕು! ಈಗ ಕೊಯ್ದಾನ ಮುದುಕ! ಗೋಲ್ ಕದಿಯಾಕ ಬಂದಾನ!"

"ಇಲ್ರೀ, ಅಲ್ಲಾನ ಆಣಿ, ಮುಂಜಾನಿ ಕೊಯ್ದೀನಿ. ಮೊಮ್ಮಗಳ ತೊಟ್ಟಿಲಿಗೆ ಕಟ್ಟಾಕ..."

"ತೊಟ್ಟಿಲಿಗೆ ಗೋಲಿನ ಬಲೆ?" ರೆಫ್ರಿ ನಕ್ಕರು. ಪರವೂರಿನವರು ಎಲ್ಲರೂ ನಕ್ಕರು. ನಮ್ಮವರು ಮಾತ್ರ ನಗಲಿಲ್ಲ. ಅವರು ಪದ್ಧತಿಯನ್ನು ಎಷ್ಟು ಬಿಡಿಸಿ ಹೇಳಿದರೂ ಅದು ಕಟ್ಟುಕಥೆಯ ಹಾಗೇ ಕೇಳಿಸಿತು. ನನಗೆ ನಾಲಿಗೆ ಇದ್ದಿದ್ದರೆ! ಚೆಂಡು ಮುಟ್ಟಿದ್ದು ನನ್ನನ್ನು, ಸಾಕ್ಷಿ ನಾನು, ನನ್ನನ್ನು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಊದಿದರು. ಹುಲಕೊಪ್ಪ ಮಿಲ್ ತಂಡ ಸಿ ಡಿವಿಷನ್ನಿಗೆ ಇಳಿಯಿತು.

ದಾವಲಸಾಬ ನನ್ನ ಅಂಚನ್ನು ಹಿಡಿದುಕೊಂಡು ಕಂಬದ ಬುಡದಲ್ಲೇ ಕುಸಿದಿದ್ದ. ಊರವರು ಬಂದು ಬಡಿಯುತ್ತಾರೆಂದು ಕಾಯುತ್ತಿದ್ದನೋ ಏನೋ. ಮೊದಲು ಬಂದವನು ಫಕ್ಕೀರಪ್ಪ. ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಪಕ್ಕದಲ್ಲಿ ಕುಳಿತು ಕೇಳಿದ, "ಕಾಕಾ, ಕೂಸು ಹೆಂಗೈತಿ?"

"ಹಾಲು ಕುಡದೈತಪಾ."

"ಹಂಗಾರ ಗೆದ್ದಂಗ ಬಿಡು."

ಅಷ್ಟೇ. ಆಮೇಲೆ ಬಂದ ದೇವದಾನಪ್ಪನವರೂ ಕೂಸಿನ ಸುದ್ದಿಯನ್ನೇ ಕೇಳಿದರು. ಯಾರಾದರೂ ಒಬ್ಬರು ಬೈದಿದ್ದರೆ ಆ ಮನುಷ್ಯ ಬದುಕಿಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. ಅವನು ನನ್ನನ್ನು ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತ. ಆ ಕಣ್ಣೀರಿನ ಉಪ್ಪು ಇಂದಿಗೂ ನನ್ನ ಎಳೆಗಳಲ್ಲಿದೆ ಅಂದುಕೊಂಡಿದ್ದೇನೆ.

ದೇವದಾನಪ್ಪನವರು ಲೀಗಿನವರ ಹತ್ತಿರ ಹೋಗಿ ವಾದಿಸಿ ಬಂದರು. ವಿಚಾರಣೆಗೆ ಜನ ಬರುತ್ತಾರೆ, ಬಲೆಯನ್ನು ಇದ್ದ ಹಾಗೇ ಇಟ್ಟಿರಿ, ಒಂದು ಗಂಟನ್ನೂ ಮುಟ್ಟಬೇಡಿ ಎಂದು ಅಲ್ಲಿ ಹೇಳಿದ್ದರಂತೆ. ದಾವಲಸಾಬ ಆ ಮಾತನ್ನು ಕುರಾನಿನ ಮಾತಿನಷ್ಟು ಗಟ್ಟಿಯಾಗಿ ಹಿಡಿದ. ಒಂದು ಗಂಟು ಸಡಿಲಾದರೆ ಊಟ ಬಿಡುತ್ತಿದ್ದವನು ಅಷ್ಟು ದೊಡ್ಡ ತೂತನ್ನು ಬಾಯಿ ತೆರೆದೇ ಬಿಟ್ಟು, ನನ್ನನ್ನು ಕಂಬದಿಂದ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತಂದ. ವಿಚಾರಣೆಯವರು ಬಂದಾರು ಎಂದು ಚಾತಕಪಕ್ಷಿಯ ಹಾಗೆ ಕಾದ. ಯಾರೂ ಬರಲಿಲ್ಲ. ಮೈದಾನದಲ್ಲಿ ಗೋದಾಮು ಎದ್ದಿತು. ನನ್ನ ಅಕ್ಕ ಲಾರಿಯ ಮೂಟೆಗಳಿಗೆ ಬಿಗಿಸಿಕೊಂಡು ಯಾವ ಊರಿಗೆ ಹೋದಳೋ. ಆಡುವವರು ಚದುರಿದರು. ಫಕ್ಕೀರಪ್ಪ ಅದೇ ಗೋದಾಮಿನಲ್ಲಿ, ತಾನು ಗೋಲು ಹೊಡೆದ ಜಾಗದಲ್ಲೇ, ಮೂಟೆ ಹೊರುತ್ತ ಬೆನ್ನು ಬಗ್ಗಿಸಿಕೊಂಡ. ದೇವದಾನಪ್ಪನವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಾವಲಸಾಬ, "ಇನ್ನ ಯಾರ್ನ ಕೇಳ್ಲಿ?" ಎಂದು ನನ್ನನ್ನೇ ಕೇಳಿದ.

ನನ್ನನ್ನು ಸುಮ್ಮನೆ ಇಟ್ಟರೆ ಇಲಿ ಕಡಿಯುತ್ತವೆಂದು ಜೈತುನ ಹಿತ್ತಲಿನ ಕೋಳಿಗಳ ಮೇಲೆ ಹರವಿದಳು. ಗಂಡ ಮಿಲ್ಲಿಗೇ ಸೇರಿದ್ದರಿಂದ ಅವಳು ತವರಿನಲ್ಲೇ ನಿಂತಿದ್ದಳು. ತೂತಿನಿಂದ ಕೋಳಿಗಳು ಹೊರಬೀಳುತ್ತಿದ್ದವು. "ಅಪ್ಪಾ, ಅದೊಂದು ಹೆಣಿಬಾರದೇನು? ನಾಯಿ ಪಾಲಾಗಾಕ ಹತ್ತ್ಯಾವ," ಎಂದು ಅವಳು ಅಂದರೆ, "ಎನ್ಕ್ವಾಯರಿ ಬರ್ತೈತಿ, ಮುಟ್ಟಬ್ಯಾಡ," ಅನ್ನುವನು. ಓಣಿಯ ಹುಡುಗರು ಅವನಿಗೆ ಎನ್ಕ್ವಾಯರಿ ಅಜ್ಜ ಎಂದೇ ಹೆಸರಿಟ್ಟರು. ಬಿಸಿಲಿಗೆ ನನ್ನ ಕೆಂಪೆಲ್ಲ ಹೋಗಿ ಬೂದಿಯ ಬಣ್ಣ ಬಂತು. ಅವನ ಗಡ್ಡಕ್ಕೂ ಅದೇ ಬಣ್ಣ.

ಆ ಅಂಗೈಯಗಲದ ಕೂಸು ನಗೀನಾ ಬೆಳೆದಳು. ಬಾಯಿ ಅಂದರೆ ಬಾಯಿ, ಕಾಲು ಅಂದರೆ ಕಾಲು, ಒಂದು ಕಡೆ ನಿಂತವಳಲ್ಲ. ಒಂದು ದಿನ ಅವಳ ಮುದ್ದಿನ ಹೇಂಟೆ ಆ ತೂತಿನಿಂದ ಹೋಗಿ ನಾಯಿಯ ಬಾಯಿಗೆ ಬಿತ್ತು. ಅತ್ತು ಅತ್ತು ಸಾಕಾಗಿ, ಹೊರಸಿನ ಮೇಲೆ ಮಲಗಿದ್ದ ಅಜ್ಜನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಯಾಕ ಹೆಣಿವಲ್ಲಿ? ಇವತ್ತ ಹೇಳಬೇಕು ನೀ."

ದಾವಲಸಾಬ ಹೇಳಿದ. ಅವಳ ಉಸಿರು ನಿಂತದ್ದು, ತಾನು ಓಡಿದ್ದು, ಚಾಕು, ನಗು, ಎಲ್ಲವನ್ನೂ. ಜೈತುನ ಒಳಗೆ ಒಲೆಯ ಮುಂದೆ ಕೇಳಿಸಿಕೊಳ್ಳುತ್ತಿದ್ದಳು. ನಗೀನಾ ಕೇಳಿ ಮುಗಿಸಿ ನೆಟ್ಟಗೆ ನನ್ನ ಹತ್ತಿರ ಬಂದಳು. ತೂತನ್ನು ಎರಡೂ ಕೈಯಿಂದ ಅಗಲಿಸಿ ತಲೆ ತೂರಿಸಿದಳು. ಆಮೇಲೆ ಒಂದು ಭುಜ, ಇನ್ನೊಂದು ಭುಜ. ಪೂರ್ತಿ ಆಚೆ ಹೋಗಿ ನಿಂತಳು.

"ಅಜ್ಜಾ, ನಾನ ಪಾರಾದೆ. ಚೆಂಡು ಪಾರಾಗೂದಿಲ್ಲೇನು? ಗೋಲ ಮತ್ತ ಅದು!"

ಇಷ್ಟು ವರ್ಷ ಕಾದ ವಿಚಾರಣೆ ಅಂದು ನಡೆಯಿತು ನೋಡಿ. ದಾವಲಸಾಬ ಹೊರಸಿನ ಮೇಲೆ ಎದ್ದು ಕುಳಿತ. "ಏನಂದಿ? ಇನ್ನೊಮ್ಮೆ ಅನ್ನು," ಅಂದ. ಅವಳು ಅಂದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಆಮೇಲೆ ಮೆಲ್ಲಗೆ, "ಸೂಜಿ ತಗೊಂಬಾರವ್ವಾ," ಅಂದ.

ಹುರಿ ಎಲ್ಲಿಂದ ತರುವುದು? ಜೈತುನ ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಪುಟ್ಟ ಗಂಟು ತಂದಳು. ತೊಟ್ಟಿಲಿಗೆ ಕಟ್ಟಿದ್ದ ಎಳೆಗಳು. ಬಿಸಿಲು ಕಾಣದ್ದರಿಂದ ಅವು ಇನ್ನೂ ಇಟ್ಟಿಗೆಗೆಂಪಾಗಿಯೇ ಇದ್ದವು. ನನ್ನದೇ ಮೈಯನ್ನು ನಾನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಅವನ ಬೆರಳಿಗೆ ಬಲವಿರಲಿಲ್ಲ. ಅವನು ಹೇಳಿದಂತೆ ನಗೀನಾ ಗಂಟು ಹಾಕಿದಳು. ಗಂಟುಗಳು ಸೊಟ್ಟಗಿದ್ದವು. ಅವನು ತಿದ್ದಲಿಲ್ಲ. ಕಡೆಯ ಗಂಟು ಬಿದ್ದಾಗ ಅದನ್ನು ಹೆಬ್ಬೆರಳಿನಿಂದ ಸವರಿ, "ಸಾಕು, ಇನ್ನ ಯಾರೂ ಬರೂದಿಲ್ಲ," ಅಂದ. ಮುಂದಿನ ರಂಜಾನ್ ಅವನು ನೋಡಲಿಲ್ಲ.

ಈಗ ಕೋಳಿಗಳು ಸುಖವಾಗಿವೆ. ಬೂದಿಬಣ್ಣದ ನನ್ನ ಮೈಯಲ್ಲಿ ಒಂದು ಚೆಂಡು ತೂರುವಷ್ಟು ಜಾಗ ಮಾತ್ರ ಕೆಂಪಾಗಿದೆ. ನೋಡಿದವರು ತೇಪೆ ಅಂದುಕೊಳ್ಳುತ್ತಾರೆ. ಲೀಗಿನವರು ನಾಳೆ ಬಂದರೂ ತೋರಿಸಲು ನನ್ನಲ್ಲಿ ತೂತಿಲ್ಲ, ಹೇಳಲು ದಾವಲಸಾಬನಿಲ್ಲ. ಅಂದು ಕೇಳದವರು ಇನ್ನು ಕೇಳುವುದೂ ಇಲ್ಲ. ಆದರೂ ಸಾಯುವ ಮೊದಲು ಹೇಳಿಬಿಡುತ್ತೇನೆ. ಆ ಮನುಷ್ಯ ಕದಿಯಲಿಲ್ಲ. ಚೆಂಡು ಕಂಬಗಳ ನಡುವಿನಿಂದಲೇ ಬಂತು, ನನ್ನನ್ನು ಮುಟ್ಟಿಯೇ ಹೋಯಿತು. ಅದು ಗೋಲು.