ಖಮರುನ್ನೀಸಾ ಬರೆದ ಚೀಟಿಗಳು

ಖಮರುನ್ನೀಸಾ ಹೊನ್ನಾಳಿಯ ತವರಿನಲ್ಲಿದ್ದಾಗ ನಾಲ್ಕು ವರ್ಷ ಕನ್ನಡ ಶಾಲೆಗೆ ಹೋಗಿದ್ದಳು. ಮನೆಮಾತು ಉರ್ದು. ಜಗಳೂರಿಗೆ ಸೊಸೆಯಾಗಿ ಬಂದಮೇಲೆ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತಿದ್ದುದು ಬಳೆ ಮಾರುವ ಗಂಡ ಸುಬಾನಸಾಬ ಬಳೆ ಸುತ್ತಿ ತರುತ್ತಿದ್ದ ಹಳೇ ಪತ್ರಿಕೆಗಳಲ್ಲಿ ಮಾತ್ರ. ಅವಳು ಅವನ್ನೇ ಬಿಡದೆ ಓದುವುದನ್ನು ಕಂಡು, ನಲವತ್ತೊಂದನೇ ಇಸವಿಯಲ್ಲಿ ಊರಲ್ಲಿ ವಾಚನಾಲಯ ತೆರೆದಾಗ ಅವನು ತನ್ನ ಹೆಸರಿನಲ್ಲಿ ಸದಸ್ಯನಾಗಿ ಅವಳಿಗೆ ಕಾದಂಬರಿ ತಂದುಕೊಡತೊಡಗಿದ. ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಅವಳ ಓದು ನಿಧಾನ. ತಿಳಿಯದ ಮಾತು ಬಂದರೆ ಹಿತ್ತಲ ಮೋಟುಗೋಡೆಗೆ ಆತು ನಿಂತು ಪಕ್ಕದ ಮನೆಯ ಕಸ್ತೂರಮ್ಮನನ್ನು ಕೇಳುವಳು. ಒಮ್ಮೆ ‘ಮುಗುಳ್ನಗೆ’ ಎಂದರೇನೆಂದು ಕೇಳಿದಾಗ ಕಸ್ತೂರಮ್ಮ ಹೇಳಲು ತಡಕಾಡಿ, ಕೊನೆಗೆ ತಾನೇ ನಕ್ಕು ತೋರಿಸಿದ್ದಳು.

ವಾಚನಾಲಯ ನೋಡಿಕೊಳ್ಳುತ್ತಿದ್ದ ಪಂಚಾಕ್ಷರಪ್ಪನವರು ಓದಿದವರೆಲ್ಲ ಅಭಿಪ್ರಾಯ ಬರೆದುಕೊಡಬೇಕೆಂದು ನಿಯಮ ಮಾಡಿದ್ದರು. ಹೆಚ್ಚಿನವರು ‘ಉತ್ತಮವಾಗಿದೆ’ ಎಂದಷ್ಟೇ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಖಮರುನ್ನೀಸಾ ಮಾತ್ರ ಅನಿಸಿದ್ದನ್ನೇ ಬರೆದು, ಹೆಸರು ಹಾಕದೆ ಪುಸ್ತಕದೊಳಗಿಟ್ಟು ಕಳಿಸುತ್ತಿದ್ದಳು. ಒಂದು ಚೀಟಿ ಹೀಗಿತ್ತು:

“ಮೊದಲ ಹತ್ತು ಪುಟದ ಸೂರ್ಯೋದಯ ನನಗೆ ಅರ್ಥವಾಗಲಿಲ್ಲ. ಆದರೆ ಅತ್ತೆಯು ತನ್ನ ಮದುವೆಯ ಸೀರೆ ಹರಿದು ಸೊಸೆಯ ಕೂಸಿಗೆ ಹಾಸುವಲ್ಲಿ ನನ್ನ ಒಲೆ ಮೇಲಿನ ರೊಟ್ಟಿ ಸೀದುಹೋಯಿತು. ಬರೆದವರು ಹೆಂಗಸರ ಮನಸ್ಸು ಬಲ್ಲವರು. ಕೊನೆಗೆ ಸೊಸೆ ಬಾವಿಗೆ ಬಿದ್ದದ್ದನ್ನು ನಂಬಲಾರೆ. ಅಷ್ಟೆಲ್ಲ ತಾಳಿದವಳು ಬೀಳುವುದಿಲ್ಲ. ಅದು ಬರೆದವರ ಅವಸರ.”

ಈ ಚೀಟಿ ಊರಲ್ಲಿ ಕೈಯಿಂದ ಕೈಗೆ ಹೋಯಿತು. ಬರೆದವನು ಸುಬಾನಸಾಬನೇ ಎಂದುಕೊಂಡು ಸಂತೆಯಲ್ಲಿ ಜನ ಅವನನ್ನು ತಡೆದು ಯಾವ ಪುಸ್ತಕ ಓದಲೆಂದು ಕೇಳತೊಡಗಿದರು. ಅವನು ಬಳೆ ಎಣಿಸುತ್ತ ತಲೆಯಾಡಿಸಿ ಜಾರಿಕೊಳ್ಳುತ್ತಿದ್ದ. ಕಡೆಗೆ ವಾರ್ಷಿಕ ಸಭೆಯಲ್ಲಿ ಅವನೇ ಆ ಕಾದಂಬರಿಯ ಬಗ್ಗೆ ಮಾತಾಡಬೇಕೆಂದಾಯಿತು. ಬಾಯಿಪಾಠ ಮಾಡಿಸೆಂದು ಹೆಂಡತಿಗೆ ದುಂಬಾಲು ಬಿದ್ದ. ಅವಳು ಒಪ್ಪಲಿಲ್ಲ. ಚೀಟಿಯಲ್ಲಿ ಒಂದು ಸುಳ್ಳೂ ಬರೆದಿಲ್ಲ, ಸಭೆಯಲ್ಲಿ ಯಾಕೆ ಆಡಬೇಕು ಎಂದಳು.

ಅವನು ಸಭೆಗೆ ಹೋದಮೇಲೆ ಅವಳಿಗೆ ಅಳುಕು ಹತ್ತಿತು. ನಿಜ ತಿಳಿದರೆ ಪುಸ್ತಕ ಕೊಡುವುದನ್ನೇ ನಿಲ್ಲಿಸಿಯಾರು. ಸಂಜೆ ಗಂಡನ ಜೊತೆ ಪಂಚಾಕ್ಷರಪ್ಪನವರೇ ಮನೆ ಬಾಗಿಲಿಗೆ ಬಂದರು. ಸುಬಾನಸಾಬ ಸಭೆಯಲ್ಲಿ ಎದ್ದು ನಿಂತು, ತನಗೆ ಅಕ್ಷರ ಬಾರದು, ಓದುವವಳು ತನ್ನ ಹೆಂಡತಿ ಎಂದು ಹೇಳಿಬಿಟ್ಟಿದ್ದ. ಅವಳು ಪರದೆಯ ಹಿಂದೆ ನಿಂತಳು.

“ನಾವು ಹುಟ್ಟಿದಾಗಿಂದ ಕನ್ನಡ ಆಡೋರು, ತಂಗಿ,” ಎಂದರು ಪಂಚಾಕ್ಷರಪ್ಪನವರು. “ಆ ಸೀರೆ ಹರಿಯೋದನ್ನ ನಾನೂ ಓದಿದ್ದೆ. ಸುಮ್ನೆ ದಾಟ್ಕೊಂಡು ಹೋಗಿದ್ದೆ. ನಿಂಗೆ ಹೆಂಗೆ ಕಾಣಿಸ್ತು?”

“ನಂಗೆ ಓದುವಾಗ ಓಡಾಕೆ ಬರಲ್ಲರಿ,” ಎಂದಳು ಅವಳು. “ಒಂದೊಂದು ಮಾತಿಗೂ ನಿಲ್ತೀನಿ. ನಿಂತಾಗ ಕಾಣಿಸ್ತೈತೆ.”

ಅವರು ಇನ್ನೂ ಯಾರ ಕೈಗೂ ಕೊಡದಿದ್ದ ಹೊಸ ಕಾದಂಬರಿಯೊಂದನ್ನು ಜಗುಲಿಯ ಮೇಲಿಟ್ಟು, ಇನ್ನು ಮುಂದೆ ಚೀಟಿಯ ಕೆಳಗೆ ಅವಳ ಹೆಸರೇ ಇರಲಿ ಎಂದು ಹೇಳಿ ಹೋದರು.

ಅದನ್ನು ಮುಗಿಸಲು ಅವಳಿಗೆ ಹದಿನೆಂಟು ದಿನ ಹಿಡಿಯಿತು. ಈ ಪುಸ್ತಕದಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ, ಓದಿದ ಮೇಲೆ ನಮ್ಮ ಬೀದಿಯ ಜನರೇ ಬೇರೆಯಾಗಿ ಕಾಣುತ್ತಿದ್ದಾರೆ ಎಂದು ಬರೆದಳು. ಕೆಳಗೆ ಹೆಸರು ಬರೆಯುವಾಗ ‘ನ್ನಿ’ಯೋ ‘ನ್ನೀ’ಯೋ ಎಂದು ತುಸು ಯೋಚಿಸಿ, ದೀರ್ಘವನ್ನೇ ಎಳೆದಳು.