ಪೂಜೆ ಮುಗಿಯಲಿ, ಆಮೇಲೆ ಮಾತ್ರೆ

ಕೊಬ್ಬರಿ ಮಂಡಿಯ ಕರಿಬಸವಯ್ಯನವರ ಶಿಸ್ತು ಬಾಣಾವರದ ವ್ಯಾಪಾರಸ್ಥರಿಗೆಲ್ಲ ಗೊತ್ತಿದ್ದದ್ದೇ. ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಮುಗಿಸುವವರೆಗೆ ಗುಟುಕು ನೀರೂ ಗಂಟಲಿಗೆ ಇಳಿಯುವಂತಿಲ್ಲ. ಮಗಳ ಮದುವೆಯ ದಿನ ಬೀಗರನ್ನೇ ಕಾಯಿಸಿದ ಆಸಾಮಿ! ಅಂಥವರಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು ಡಾಕ್ಟರು.

ಮನೆಗೆ ತಂದು ಮಾಡುವುದೇನು? ಮಗಳು ಅರುಣಾ ಗಂಡನ ಮನೆಯಿಂದ ಬಂದು ಅಪ್ಪನ ಪಕ್ಕ ಕೂತಳು. ಕೊನೆಗಾಲದವರನ್ನು ನೋಡಿಕೊಳ್ಳುವ ಜಾಗ ಎಲ್ಲಾದರೂ ಇದೆಯೇ ಎಂದು ಅವಳೂ ತಮ್ಮ ಚನ್ನೇಶನೂ ಕಂಡಕಂಡವರಿಗೆಲ್ಲ ಫೋನ್ ಮಾಡಿದರು. ಇದ್ದದ್ದು ಬೆಂಗಳೂರಿನಲ್ಲಿ, ಅಪ್ಪ ಊರು ಬಿಡಲೊಲ್ಲರು. ಕಡೆಗೆ ಅರಸೀಕೆರೆಯಿಂದ ಮನೆಗೇ ಬಂದು ನೋಡುವ ನರ್ಸ್ ನಂದಿತಾ ಸಿಕ್ಕರು. ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ಹೇಳಿಕೊಟ್ಟು, ಡಾಕ್ಟರು ಬರೆದ ಮಾರ್ಫಿನ್ ಮಾತ್ರೆಯ ವಿಷಯ ಒತ್ತಿ ಹೇಳಿದರು.

“ನೋವು ಬರ್ಲಿ ಅಂತ ಕಾಯ್ಬೇಡಿ ಕಣ್ರೀ, ಹೊತ್ತಿಗೆ ಸರಿಯಾಗಿ ಕೊಡಿ. ಮೊದಮೊದಲು ಸ್ವಲ್ಪ ಮಂಪರು ಬರುತ್ತೆ, ಅಷ್ಟೇ.”

ಅರುಣಾಳ ಕಿವಿಗೆ ಬಿದ್ದದ್ದು ಮಂಪರು ಅನ್ನುವುದೊಂದೇ. ಮಂಪರಿನಲ್ಲಿ ಅಪ್ಪನ ಪೂಜೆ ತಪ್ಪಿದರೆ? ಲಿಂಗ ಕೈಜಾರಿದರೆ? ಮೇಲಾಗಿ ಪೂಜೆಗೆ ಮುಂಚೆ ಮಾತ್ರೆಗೆಂದು ನೀರು ಕುಡಿಸುವುದೆಂತು? ಶಿವಶಿವಾ! ಬೆಳಗಿನ ಮಾತ್ರೆಯನ್ನು ಅವಳು ಪೂಜೆ ಮುಗಿಯುವವರೆಗೆ ಎತ್ತಿಟ್ಟಳು. ತಲೆಗೆ ನೀರು ಹಾಕಿಕೊಂಡು, ವಿಭೂತಿ, ಪತ್ರೆ ಜೋಡಿಸಿ, ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸುತ್ತಿದ್ದಳು. ಅವರ ಹಣೆಯಲ್ಲಿ ಬೆವರು ಕಿತ್ತುಬರುತ್ತಿತ್ತು, ಅಂಗೈ ಗಡಗಡ ನಡುಗುತ್ತಿತ್ತು.

“ಅಕ್ಕಾ, ನೋಡಕ್ಕಾಗಲ್ಲ. ಮೊದ್ಲೇ ಕೊಟ್ಬುಡು,” ಎಂದು ಚನ್ನೇಶ ಗೋಗರೆದ.

“ಸುಮ್ನಿರೋ. ಪೂಜೆ ತಪ್ಪಿಸಿದ್ರೆ ಅಪ್ಪಾಜಿ ನನ್ನ ಕ್ಷಮಿಸ್ತಾರೇನೋ?”

ಹಟ ಅಂದರೆ ಹಟ. ಅಪ್ಪನೂ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಬೆಳಗ್ಗೆ ಅರುಣಾಳಿಗೇ ಜ್ವರ ಬಂದು ಏಳಲಾಗಲಿಲ್ಲ. ಚನ್ನೇಶ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿಬಿಟ್ಟಿದ್ದ. ವಿಷಯ ತಿಳಿದು ಅವಳು ರೇಗುತ್ತಾ ಎದ್ದು ಬಂದರೆ, ಅಪ್ಪ ಸಣ್ಣ ನಿದ್ದೆ ಮುಗಿಸಿ ಪೂಜೆಗೆ ಕೂತಿದ್ದರು. ಕೈ ನಡುಗುತ್ತಿರಲಿಲ್ಲ. ಎಷ್ಟೋ ಹೊತ್ತು ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ಮಗಳನ್ನು ಕರೆದರು.

“ಇವತ್ತು ಲಿಂಗ ಕಾಣ್ತು ಕಣವ್ವ. ಇಷ್ಟು ದಿನ ನೋವು ಬಿಟ್ರೆ ಏನೂ ಕಾಣ್ತಿರ್ಲಿಲ್ಲ.”

ಅರುಣಾ ಪಕ್ಕಕ್ಕೆ ಬಂದು ಕೂತಳು. “ಮಾತ್ರೆ ಕೊಡು ಅಂತ ಒಂದು ಮಾತು ಕೇಳಬಾರದಿತ್ತಾ ಅಪ್ಪಾಜಿ?”

“ನೀನು ಅಷ್ಟು ಆಸೆಯಿಂದ ಎಲ್ಲಾ ಜೋಡಿಸ್ತಿದ್ದೆ. ಹೆಂಗವ್ವ ಬ್ಯಾಡ ಅನ್ಲಿ?”

ಮಾರನೆಯ ದಿನದಿಂದ ಅವಳು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು. ಆದರೆ ಎದ್ದು ಕೂರುವ ತ್ರಾಣ ಅಪ್ಪನಲ್ಲಿ ಉಳಿದಿರಲಿಲ್ಲ. ನೆಮ್ಮದಿಯಾಗಿ ಪೂಜೆ ಮಾಡಲು ಅವರಿಗೆ ಸಿಕ್ಕಿದ್ದು ಆ ಒಂದೇ ಬೆಳಗು. ಉಳಿದವನ್ನೆಲ್ಲ ತಾನೇ, ತನ್ನ ಕೈಯಾರೆ, ಹಾಳು ಮಾಡಿದ್ದಳು.

ಲಿಂಗೈಕ್ಯರಾದ ದಿನ ನೆಂಟರು, ಮಠದವರು, ಮಂಡಿಯವರು ಎಲ್ಲ ಬಂದರು. ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ, ಮಣ್ಣು ಮಾಡಿ ಬಂದ ಮೇಲೆ ಸೋದರತ್ತೆ ಅರುಣಾಳ ಗಲ್ಲ ಹಿಡಿದು ಹೇಳಿದರು: “ಅಷ್ಟು ನೋವಲ್ಲೂ ನಮ್ಮಣ್ಣನ ಪೂಜೆ ನಡೆಸಿಕೊಟ್ಟೆಯಲ್ಲ! ಹೆತ್ರೆ ನಿನ್ನಂಥ ಮಗಳನ್ನ ಹೆರಬೇಕು ಕಣೇ.”

ಸುತ್ತ ಕೂತವರೆಲ್ಲ ಹೌದು ಹೌದೆಂದರು. ಅರುಣಾ ಅತ್ತೆಯ ಕೈ ಬಿಡಿಸಿಕೊಂಡು ಎದ್ದು ಒಳಗೆ ಹೋದಳು.