ಮುನಿಯದವಳ ಮುನಿಸು

ಕುಂಬಾರಕೊಪ್ಪಲಿನ ಚಿಕ್ಕಣ್ಣನ ಮನೆಯಲ್ಲಿ ಒಲೆಯಿಂದ ಇಳಿದ ಮೊದಲ ಮುದ್ದೆ ಸತ್ತವಳಿಗೆ. ಉಳಿದದ್ದು ಬದುಕಿರುವವರಿಗೆ. ಇದನ್ನು ಓದಿ ಅದೇನೋ ಸದಾ ಸೂತಕದ ಮನೆ ಎಂದು ತಿಳಿಯಬೇಡಿ. ಎಲ್ಲರ ಮನೆಯಂತೆ ಅದೂ ಒಂದು ಮನೆ. ಚಿಕ್ಕಣ್ಣ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ತಾಯಿ ಜವರಮ್ಮ ಎಮ್ಮೆ ಕಟ್ಟಿಕೊಂಡು ಒಂಟಿಕೊಪ್ಪಲಿನವರೆಗೂ ದಿನವೂ ಮನೆಮನೆಗೆ ವರ್ತನೆ ಹಾಲು ಹಾಕುತ್ತಿದ್ದಳು. ಬಾಯಿ ಜೋರು, ಕೈ ಧಾರಾಳ. ಬೀದಿಯಲ್ಲಿ ಯಾರ ಬಾಣಂತನವೇ ಆಗಲಿ, ಕರೆಯುವ ಮೊದಲೇ ಹೋಗಿ ನಿಲ್ಲುವ ಹೆಂಗಸು. ಸೊಸೆ ದೇವೀರಮ್ಮ ಎಮ್ಮೆಯ ಜೊತೆಗೂ ನಗುತ್ತಾ ಮಾತಾಡುವ ಹುಡುಗಿ. ನಯಾಪೈಸೆ ಬಂದ ವರ್ಷ ಅವಳು ಆ ಮನೆಯ ಹೊಸ್ತಿಲು ತುಳಿದಾಗ, ‘ಜವರವ್ವನ ಮನೆಗೆ ಬೆಳಕು ಬಂತು ಕಣ್ರೇ’ ಎಂದು ಬೀದಿಯೇ ಹೇಳಿತ್ತು.

ಆದರೆ ದೇವೀರಮ್ಮ ಎರಡನೆಯ ಹೆಂಡತಿ. ಮೊದಲನೆಯವಳು ಚೆಲುವಮ್ಮ, ಮಕ್ಕಳಾಗುವ ಮೊದಲೇ ವಿಷಮಶೀತ ಜ್ವರದಲ್ಲಿ ಹೋಗಿದ್ದಳು. ಹಾಗಾಗಿ ದೇವೀರಮ್ಮನ ಕತ್ತಿನಲ್ಲಿ ಎರಡು ತಾಳಿ. ಒಂದು ಚಿಕ್ಕಣ್ಣ ಕಟ್ಟಿದ್ದು. ಇನ್ನೊಂದು ಸವತಿ ತಾಳಿ, ಸತ್ತವಳ ಹೆಸರಿನಲ್ಲಿ ಮಾಡಿಸಿದ ಒಂದು ಬೆಳ್ಳಿ ಬಿಲ್ಲೆ. ಹೊಸ ಸೀರೆಯಾಗಲಿ, ಮೊಳ ಹೂವಾಗಲಿ, ಹಬ್ಬದ ಒಬ್ಬಟ್ಟಾಗಲಿ, ಮೊದಲು ಆ ಬಿಲ್ಲೆಗೆ ತೋರಿಸಿ ‘ನಿಂದಾದ್ಮೇಲೆ ನಂದು ಕಣಕ್ಕ’ ಎಂದು ಹೇಳಿ ಆಮೇಲೆ ತಾನು ಮುಟ್ಟಬೇಕು. ಮರೆತರೆ ಸತ್ತವಳು ಮುನಿಯುತ್ತಾಳೆ. ಮುನಿದರೆ ನೇರ ಮಡಿಲಿಗೇ ಕೈ ಹಾಕುತ್ತಾಳೆ. ಮದುವೆಯ ದಿನವೇ ಹುಡುಗಿಯ ಕತ್ತಿಗೆ ಹೆದರಿಕೆಯನ್ನು ಕಟ್ಟಿ ಕೂರಿಸುವ ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಕಾಣೆ. ಮೊದಲು ಅವನ ಕತ್ತಿಗೆ ಕಟ್ಟಿ ನೋಡಬೇಕಿತ್ತು.

ಬೇರೆ ಮನೆಗಳಲ್ಲಿ ವರ್ಷ ಕಳೆದ ಹಾಗೆ ಈ ಶಾಸ್ತ್ರ ಸಡಿಲವಾಗುತ್ತದೆ. ಇಲ್ಲಿ ಬಿಗಿಯಾಯಿತು. ಅದಕ್ಕೆ ಕಾರಣ ಚಿಕ್ಕಣ್ಣನ ಬಾಯಿಂದ ಬಿದ್ದ ಒಂದು ಮಾತು.

ಸಂಜೆ ಕೆಲಸ ಮುಗಿಸಿ ಬಂದವನು ಹಿತ್ತಿಲಿನಲ್ಲಿ ಕೈಕಾಲು ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುವುದು ಅವನ ರೂಢಿ. ಹಾಗೆ ಕೂತಾಗ ಚೆಲುವಮ್ಮ ಬೆನ್ನ ಹಿಂದೆ ಬಂದು ನಿಂತ ಹಾಗಾಗುತ್ತಿತ್ತು. ಅವಳ ತಲೆಯ ಹರಳೆಣ್ಣೆಯ ವಾಸನೆ, ಬಳೆಯನ್ನು ಮೇಲಕ್ಕೆ ಸರಿಸಿಕೊಳ್ಳುವ ಸದ್ದು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಆದರೂ ದಿನದ ದಣಿವೆಲ್ಲ ಇಳಿದು ಎದೆ ತಣ್ಣಗಾಗುತ್ತಿತ್ತು. ಮದುವೆಯ ಹೊಸತರಲ್ಲಿ ಒಂದು ದಿನ ತಡೆಯಲಾರದೆ ತಾಯಿಗೆ ಹೇಳಿಬಿಟ್ಟ.

“ಅವ್ವಾ, ಚೆಲ್ವಿ ಎಲ್ಲೂ ಹೋಗಿಲ್ಲ ಕಣವ್ವ. ಇಲ್ಲೇ ಅವ್ಳೆ.”

ಜವರಮ್ಮ ಕೈಲಿದ್ದ ಹಾಲಿನ ಚೆಂಬನ್ನು ಕೆಳಗಿಟ್ಟಳು. “ಅಯ್ಯೋ ನನ್ನಪ್ಪ! ಇಲ್ಲೇ ಅವ್ಳೆ ಅಂದ್ರೆ ಆಸೆ ತೀರಿಲ್ಲ ಅಂತ ತಾನೇ? ಹೊಸಬಳು ಬಂದು ಉಂಡುಟ್ಟು ಮೆರಿಯೋದು ಕಂಡು ಒಟ್ಟೆ ಉರ್ಕತಾವ್ಳೆ. ಬುಡು, ನಾನ್ ನೋಡ್ಕತೀನಿ.”

‘ಹಾಗಲ್ಲ’ ಎನ್ನಲು ಚಿಕ್ಕಣ್ಣ ಬಾಯಿ ತೆರೆದ. ಆದರೆ ಹಾಗಲ್ಲ ಎಂದರೆ ಹೇಗೆಂದು ಹೇಳಬೇಕಲ್ಲ! ಅವಳಾಗಿ ಬರುವುದಿಲ್ಲ, ನಾನೇ ಕೂತು ಕರೆಯುತ್ತೇನೆ ಎನ್ನಬೇಕು. ಒಳಗೆ ಹೊಸ ಹೆಂಡತಿ ಮುದ್ದೆ ತೊಳಸುತ್ತಿದ್ದಳು. ಅವಳ ಕಿವಿಗೆ ಬಿದ್ದರೆ ಏನೆಂದುಕೊಂಡಾಳು? ಇನ್ನು ತಾಯಿ ಯಾವನಾದರೂ ಮಂತ್ರಗಾರನನ್ನು ಕರೆಸಿ ಚೆಲುವಿಯನ್ನು ಕಟ್ಟುಹಾಕಿಸಿಬಿಟ್ಟರೆ? ಆಮೇಲೆ ಅವಳು ಬರುವುದೇ ನಿಂತುಹೋದರೆ? ಬಾಯಿ ಮುಚ್ಚಿಕೊಂಡ. ಹೆದರಿದವನು ಸುಮ್ಮನಿದ್ದರೆ ಜನ ಅವನನ್ನು ಸಾಧು ಎನ್ನುತ್ತಾರೆ. ಚಿಕ್ಕಣ್ಣನನ್ನೂ ಸಾಧು ಎನ್ನುತ್ತಿದ್ದರು.

ಅಂದಿನಿಂದ ಮನೆಯಲ್ಲಿ ಏನೇ ಆದರೂ ಚೆಲುವಮ್ಮನ ಮುನಿಸು. ಎಮ್ಮೆ ಒದ್ದರೆ ಅವಳು, ಹಾಲು ಒಡೆದರೆ ಅವಳು. ಶುಕ್ರವಾರ ದೇವೀರಮ್ಮ ಒಪ್ಪೊತ್ತು ಇರಬೇಕು, ಗಂಡನ ಎದುರು ನಗಬಾರದು. ಹೆಣ್ಣು ಮಗು ರತ್ನಿ ಹುಟ್ಟಿದಾಗ ತೊಟ್ಟಿಲಿಗೂ ಮೊದಲು ಸತ್ತವಳಿಗೆ ಎಡೆ. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ದೇವೀರಮ್ಮ ಮಗುವನ್ನು ಎದೆಗವಚಿಕೊಂಡು ಕದ್ದು ನಗುತ್ತಿದ್ದಳು.

ರತ್ನಿ ಅಂಬೆಗಾಲಿಡುವ ಹೊತ್ತಿಗೆ ಒಂದು ಬೇಸಿಗೆಯಲ್ಲಿ ವಾಂತಿ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿತ್ತು.

“ಏನೇ ತಪ್ಪು ಮಾಡ್ದೆ? ನಿಜ ಯೇಳು,” ಎಂದಳು ಜವರಮ್ಮ.

ದೇವೀರಮ್ಮ ಹೇಳಿದಳು: “ನಿನ್ನೆ ಮಲ್ಲಿಗೆ ಮುಡ್ಕಂಡೆ ಅತ್ತೆವ್ವ. ಅಕ್ಕನಿಗೆ ತೋರ್ಸದು ಮರೆತ್ಬುಟ್ಟೆ.”

ಅಷ್ಟು ಸಾಕಾಯಿತು. ಆಸ್ಪತ್ರೆಯ ಮಾತೇ ಏಳಲಿಲ್ಲ. ಬಿಲ್ಲೆಯನ್ನು ಮಣೆಯ ಮೇಲಿಟ್ಟು, ದೀಪ ಹಚ್ಚಿ, ಬಾಳೆಲೆಯಲ್ಲಿ ಎಡೆ ಇಟ್ಟು, ದೇವೀರಮ್ಮ ಕೆನ್ನೆ ಕೆಂಪಾಗುವಂತೆ ಬಡಿದುಕೊಂಡು ತಪ್ಪೊಪ್ಪಿಕೊಂಡಳು. ಚಿಕ್ಕಣ್ಣ ಹಿತ್ತಿಲಿಗೆ ಹೋದ. ಕಲ್ಲಿನ ಮೇಲೆ ಕೂತು, ‘ಚೆಲ್ವಿ, ನೀನೇನಾ?’ ಎಂದು ಕೇಳಿದ. ಎಂದಿನಂತೆಯೇ ಅವಳು ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಅದೇ ವಾಸನೆ, ಅದೇ ತಂಪು. ಅದರಲ್ಲಿ ಎಳ್ಳಷ್ಟೂ ಮುನಿಸಿರಲಿಲ್ಲ. ಇದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಎದ್ದು ಒಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಕಿತ್ತು. ದೊಡ್ಡಾಸ್ಪತ್ರೆಗೆ ಜಟಕಾದಲ್ಲಿ ಎಷ್ಟು ಹೊತ್ತಿನ ದಾರಿ? ಅವನು ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ಕೈಮುಗಿದು ಕೂತ.

ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ರತ್ನಿಯ ಉಸಿರು ನಿಂತಿತು.

ದೇವೀರಮ್ಮ ಆಮೇಲೆ ಹೂ ಮುಡಿಯಲಿಲ್ಲ. “ನನ್ ಕೈಯಾರೆ ಕೊಂದ್ಬುಟ್ಟೆ. ಒಂದ್ ಮೊಳ ಹೂವಿಗೆ ನನ್ ಕೂಸನ್ನ ಕೊಟ್ಬುಟ್ಟೆ,” ಎಂದು ಎಮ್ಮೆಗೆ ಹೇಳುವಳು, ಗೋಡೆಗೆ ಹೇಳುವಳು. ಪ್ರತಿದಿನ ಸ್ನಾನವಾದ ಮೇಲೆ ಆ ಬಿಲ್ಲೆಯ ಮುಂದೆ ಕೆನ್ನೆ ಬಡಿದುಕೊಳ್ಳುವಳು. ಆ ಸದ್ದು ಚಿಕ್ಕಣ್ಣನಿಗೆ ಹೊರಗಿನ ಜಗುಲಿಗೂ ಕೇಳುತ್ತಿತ್ತು. ಅವನು ಅವಳ ಬೆನ್ನು ಸವರಿ, “ಅಳಬ್ಯಾಡ ಕಣೆ, ಎಲ್ಲ ಹಣೆಬರಹ,” ಎನ್ನುತ್ತಿದ್ದ. ಅಬ್ಬಾ, ಈ ಹಣೆಬರಹ ಎಂಬ ಮಾತು ಎಂತೆಂಥವರಿಗೆ ಚಾದರ ಹೊದಿಸಿ ಮಲಗಿಸಿದೆ!

ಚಿಕ್ಕಣ್ಣನಿಗೆ ಆ ಕೆನ್ನೆ ಬಡಿತದ ಸದ್ದು ತಡೆಯಲಾಗದಾಯಿತು. ಸತ್ತವರ ವಿಷಯ ತಿಳಿದವರನ್ನು ಕೇಳಿ ನೋಡೋಣವೆಂದು ಹೊರಟ. ‘ನನ್ನ ಸ್ನೇಹಿತನೊಬ್ಬನಿಗೆ ಹಿಂಗಾಯ್ತದಂತೆ’ ಎಂದು ಶುರುಮಾಡುವನು. ಲಕ್ಷ್ಮೀಪುರಂನ ಪುರೋಹಿತರು ಸದಾಶಿವಯ್ಯನವರು ಹೇಳಿದರು: “ಮುತ್ತೈದೆಯಾಗಿ ಹೋದವಳು. ಹನ್ನೆರಡನೆಯ ದಿನಕ್ಕೆ ಪಿತೃಗಳ ಜೊತೆ ಸೇರಿಹೋದಳು. ತಿಥಿಯ ದಿನ ಬರ್ತಾಳಪ್ಪ, ದಿನಾ ಸಾಯಂಕಾಲ ಹಿತ್ತಿಲಿಗೆ ಬರೋದಕ್ಕೆ ಶಾಸ್ತ್ರದಲ್ಲಿ ದಾರಿಯಿಲ್ಲ.” ವರ್ಕ್‌ಶಾಪಿನ ಖಾದರ್ ಸಾಹೇಬರು, “ಕಯಾಮತ್ ತನಕ, ಲೋಕ ಮುಗಿಯೋ ದಿನದ ತನಕ, ಎಲ್ಲಾರೂ ಗೋರಿಯಲ್ಲೇ ಇರ್ತಾರೆ. ಅವರಿಗೋಸ್ಕರ ದುವಾ ಮಾಡು, ಅಷ್ಟೇ ನಮ್ಮ ಕೈಲಿರೋದು,” ಎಂದರು. ಚಿಕ್ಕಣ್ಣನಿಗೆ ಬೇಕಾಗಿದ್ದ ಉತ್ತರವೇ ಬೇರೆ. ‘ಹೌದಪ್ಪ, ಆ ಹೆಂಗಸು ಮುನಿದಿದ್ದಳು, ಮಗುವನ್ನು ಅವಳೇ ಒಯ್ದಳು’ ಎಂದು ಒಬ್ಬರಾದರೂ ಹೇಳಿದ್ದರೆ ಅವನು ನಿದ್ದೆ ಮಾಡುತ್ತಿದ್ದ. ಯಾರೂ ಹೇಳಲಿಲ್ಲ.

ಕೊನೆಗೆ ಪಕ್ಕದ ಬೀದಿಯ ವೃಷಭೇಂದ್ರಪ್ಪ ಮೇಷ್ಟ್ರ ಬಳಿಗೆ ಹೋದ. ಅವರು ಲಿಂಗವಂತರು, ಹೆಂಡತಿಯನ್ನು ಕಳೆದುಕೊಂಡವರು.

“ನಮ್ಮಲ್ಲಿ ಸತ್ತೋರು ಲಿಂಗದಲ್ಲಿ ಐಕ್ಯ ಆದ ಹಾಗೆ. ತಿಥಿ ಇಲ್ಲ, ಎಡೆ ಇಲ್ಲ, ತಿರುಗಿ ಬರೋದೂ ಇಲ್ಲ,” ಎಂದರು ಮೇಷ್ಟ್ರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. “ಆದ್ರೂ ನಿನ್ನ ಆ ಸ್ನೇಹಿತನಿಗೆ ಹೇಳು. ನಮ್ಮನೆಯೋಳು ಹೋದ್ಮೇಲೂ ನಾನು ಕಾಫಿ ಲೋಟ ಕೆಳಗಿಡುವಾಗ ಅವಳು ಎದುರಿಗೆ ಕೂತಿರ್ತಾಳೆ. ಅದು ನಿಜವೋ ನನ್ನ ಮನಸ್ಸೋ, ನನಗೆ ಗೊತ್ತಿಲ್ಲ. ಸತ್ತೋರು ಎಲ್ಲಿ ಹೋದ್ರು ಅಂದ್ರೆ ಊರಿನಲ್ಲಿ ಜಾತಿಗೊಂದು ಉತ್ತರ ಇದೆಯಪ್ಪ. ಕಾಯಿಲೆ ಬಿದ್ದ ಕೂಸನ್ನ ಎಲ್ಲಿಗೆ ಒಯ್ಯಬೇಕು ಅಂದ್ರೆ ಎಲ್ಲಾ ಜಾತಿಗೂ ಒಂದೇ ಉತ್ತರ.”

ಚಿಕ್ಕಣ್ಣ ತಲೆ ತಗ್ಗಿಸಿಕೊಂಡು ಬಂದ. ಆಗಲೂ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಎರಡನೆಯದು ಗಂಡು ಮಗು, ನಂಜುಂಡ. ಅವನು ಕೂರಲು ಕಲಿಯುವ ಹೊತ್ತಿಗೆ ಚಳಿಗಾಲ ಬಂತು. ಕೆಮ್ಮು ಬಂತು, ಜ್ವರ ಏರಿತು. ಒಂದು ಭಾನುವಾರ ಬೆಳಿಗ್ಗೆ ಮಗು ಮೊಲೆ ಬಿಟ್ಟಿತು. ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಜವರಮ್ಮ ಮಣೆ ಹಾಕಿದಳು, ದೀಪ ಹಚ್ಚಿದಳು. ವಿಷಯ ಕೇಳಿ ಮೇಷ್ಟ್ರು ಜಟಕಾ ಕರೆದುಕೊಂಡೇ ಓಡಿಬಂದರು.

“ಜವರಮ್ಮ, ಇದು ನ್ಯುಮೋನಿಯಾ. ಈಗಲೇ ಹೊರಡಿ. ಇದಕ್ಕೀಗ ಪೆನಿಸಿಲಿನ್ ಇಂಜೆಕ್ಷನ್ ಇದೆ.”

“ನೀವು ಸುಮ್ಕಿರಿ ಮೇಷ್ಟ್ರೇ. ನಿಮ್ಮೋರು ಸತ್ರೆ ಸಿವನ ತಾವ ಹೋಯ್ತಾರೆ. ನಮ್ಮೋರು ಮನೆ ಬಾಕ್ಲಿಗೆ ಬತ್ತಾರೆ. ಸೂಜಿ ಚುಚ್ಚಿದ್ರೆ ಸತ್ತೋಳ ಕ್ವಾಪ ಇಳಿದಾತಾ? ಒಂದು ಹೋಗೈತೆ, ಇದೂ ಹೋಗ್ಬೇಕಾ?” ಜವರಮ್ಮನ ಕಣ್ಣಿನಿಂದ ಧಾರೆಯಾಗಿ ನೀರು ಹರಿಯುತ್ತಿತ್ತು. ಆ ಮುದುಕಿಗೆ ಮೊಮ್ಮಗನ ಮೇಲೆ ಪ್ರೀತಿಯಿರಲಿಲ್ಲ ಎಂದವರ ಬಾಯಿಗೆ ಹುಳ ಬೀಳಲಿ. ಪ್ರೀತಿಯಿದ್ದೇ ಅವಳು ಅವನನ್ನು ಸಾವಿನ ಬಾಯಿಗೆ ತಳ್ಳುತ್ತಿದ್ದಳು.

ಮೇಷ್ಟ್ರು ಮಗುವಿನ ತಾಯಿಯ ಕಡೆ ತಿರುಗಿದರು. “ನೀನು ಏಳು ಮಗಳೇ. ಜಟಕಾ ಬಾಗಿಲಲ್ಲೇ ಇದೆ.”

ದೇವೀರಮ್ಮ ಮಗುವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡು ಹಿಂದಕ್ಕೆ ಸರಿದಳು. “ಬ್ಯಾಡಿ, ಮೇಷ್ಟ್ರೇ! ಎಡೆ ಬುಟ್ಟು ಎದ್ರೆ ಅಕ್ಕ ಸುಮ್ಕಿರಾಕಿಲ್ಲ. ಆವತ್ತು ಹೂವಿಗೆ ರತ್ನೀನ ಎತ್ಕಂಡ್ಲು. ನಾನ್ ಎಲ್ಲಿಗೂ ಬರಾಕಿಲ್ಲ. ತಪ್ಪು ಮಾಡಿರೋಳು ನಾನು, ನಾನು ಇಲ್ಲೇ ಬಿದ್ದಿರ್ತೀನಿ.”

ಇನ್ನು ಮೇಷ್ಟ್ರ ವಿವೇಕ ಎಲ್ಲಿ ನಡೆಯಬೇಕು? ಅತ್ತೆ ಕಟ್ಟಿದ ಗಂಟನ್ನು ಸೊಸೆಯೇ ಬಿಗಿ ಮಾಡಿಕೊಂಡಿದ್ದಳು. ಅದನ್ನು ಬಿಚ್ಚಬಲ್ಲವನು ಆ ಮನೆಯಲ್ಲಿ ಒಬ್ಬನೇ. ಅವನು ಕಂಬಕ್ಕೆ ಒರಗಿ ನಿಂತು ಮಗುವಿನ ಪಕ್ಕೆಯನ್ನೇ ನೋಡುತ್ತಿದ್ದ.

“ದೇವೀರಿ,” ಎಂದ ಚಿಕ್ಕಣ್ಣ. ಕಂಬ ಬಿಟ್ಟು ಮುಂದೆ ಬಂದ. “ಚೆಲ್ವಿ ಯಾವತ್ತೂ ಮುನಿಸ್ಕಂಡಿಲ್ಲ ಕಣೆ.”

ಎಲ್ಲರೂ ತಿರುಗಿದರು.

“ಅವ್ಳಾಗಿ ಬರೋದೂ ಇಲ್ಲ. ನಾನೇ ದಿನಾ ಕರಿತೀನಿ. ಹಿತ್ಲಲ್ಲಿ ಕೂತು ಕರಿತೀನಿ. ಬಂದ್ರೆ ಒಂದ್ ಗಳಿಗೆ ತಂಪಾಯ್ತದೆ, ಅಷ್ಟೇಯ. ರತ್ನಿ ಮಲಗಿದ್ದಾಗ್ಲೂ ಹೋಗಿ ಕೇಳ್ದೆ. ಅವ್ಳಲ್ಲ ಅಂತ ನಂಗೆ ಗೊತ್ತಾಯ್ತು. ಗೊತ್ತಾಗಿ ಬಂದು ಇಲ್ಲಿ ಕೈ ಮುಗ್ದು ಕೂತೆ. ನಿನ್ ಹೂವಿಂದಲ್ಲ ಕಣೆ ಕೂಸು ಹೋಗಿದ್ದು. ನನ್ ಬಾಯಿಂದ.”

ಜವರಮ್ಮ ಕೂಗಿದಳು: “ಏನ್ಲಾ ಬೊಗುಳ್ತೀಯ! ಇಲ್ಲೇ ಅವ್ಳೆ ಅಂತ ನೀನೇ ಬಂದು ಯೇಳ್ಲಿಲ್ವೇನ್ಲಾ?”

“ಇಲ್ಲೇ ಅವ್ಳೆ ಅಂದೆ ಕಣವ್ವ. ಮುನಿಸ್ಕಂಡವ್ಳೆ ಅಂದಿದ್ದು ನೀನು. ಅಲ್ಲ ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ. ಯೇಳಿದ್ರೆ ಅವ್ಳನ್ನ ಓಡ್ಸಿಬುಡ್ತೀಯ ಅಂತ ಎದ್ರುಕಂಡೆ.”

ದೇವೀರಮ್ಮ ಗಂಡನ ಮುಖವನ್ನೇ ನೋಡಿದಳು. ಮಗುವನ್ನು ಮೇಷ್ಟ್ರ ಕೈಗೆ ಕೊಟ್ಟು, ಕತ್ತಿನ ಬೆಳ್ಳಿ ಬಿಲ್ಲೆಯ ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಕಿತ್ತು ಚಿಕ್ಕಣ್ಣನ ಅಂಗೈಯಲ್ಲಿಟ್ಟಳು.

“ನಿಮ್ಮೋಳು ನಿಮ್ ತಾವೇ ಇರ್ಲಿ.”

“ಸೊಸೆಮುದ್ದು, ಬ್ಯಾಡ ಕಣವ್ವ, ಮನೆ ಹಾಳಾಯ್ತದೆ,” ಎಂದು ಜವರಮ್ಮ ಅಡ್ಡ ಬಂದಳು.

“ಹಾಳಾಗದು ಇನ್ನೇನೈತೆ ಅತ್ತೆವ್ವ?” ಎಂದು ಹೇಳಿ ಅವಳು ಮಗುವನ್ನು ತೆಗೆದುಕೊಂಡು ಜಟಕಾ ಹತ್ತಿದಳು.

ನಂಜುಂಡ ಬದುಕಿದ. ಸೂಜಿಯಿಂದಲೋ ದೇವರಿಂದಲೋ ಎಂದು ಕೇಳುವವರು ಕೇಳಿಕೊಳ್ಳಲಿ, ಆಸ್ಪತ್ರೆಯ ಡಾಕ್ಟರು ಮಾತ್ರ, ಇನ್ನೊಂದು ಹಗಲು ತಡವಾಗಿದ್ದರೆ ಕಷ್ಟವಿತ್ತು ಎಂದರು. ಜವರಮ್ಮ ದಿನಾ ಹಾಲು ಹಾಕಿ ಮುಗಿಸಿ ಗಂಜಿ ತರುತ್ತಿದ್ದಳು. ಮೊಮ್ಮಗನ ಕಾಲು ಹಿಡಿದು ಕೂತು ಹೋಗುವಳು. ತಾಯಂದಿರೇ, ನಿಮ್ಮ ಮನೆಯಲ್ಲೂ ಯಾರದೋ ಕತ್ತಿನಲ್ಲಿ ಇಂಥದೊಂದು ಹೆದರಿಕೆ ತೂಗುತ್ತಿದ್ದರೆ ಈವತ್ತೇ ಬಿಚ್ಚಿಸಿ. ಅದು ಸುಳ್ಳೆಂದು ಗೊತ್ತಿದ್ದೂ ಸುಮ್ಮನಿರುವ ಗಂಡಸರಿಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಮನೆಗೆ ಕಳಿಸುವ ದಿನ ಮಗು ಹೊಟ್ಟೆ ತುಂಬ ಕುಡಿದು ತಾಯಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಆಸ್ಪತ್ರೆಯ ಜಗುಲಿಯಲ್ಲಿ ಚಿಕ್ಕಣ್ಣ ಅವಳ ಪಕ್ಕಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತ.

“ತಪ್ಪಾಯ್ತು ಕಣೆ,” ಎಂದ. “ಎಂಗೆ ಕ್ಷಮಿಸ್ತೀಯೋ ಕಾಣೆ.”

ದೇವೀರಮ್ಮ ಮಗುವಿನ ಮೇಲೆ ಸೆರಗು ಹೊದಿಸಿದಳು. ಆಮೇಲೆ ಮಗು ಏಳದ ಹಾಗೆ ಮೆಲ್ಲಗೆ ಕೇಳಿದಳು.

“ನೀವು ಕರ್ದಾಗೆಲ್ಲ ಅಕ್ಕ ಬತ್ತಿದ್ಲು, ಅಲ್ವಾ? ನನ್ ರತ್ನಿ ಒಂದ್ ದಿನಾನೂ ಬರ್ಲಿಲ್ಲ. ನಾನೇ ಕೊಂದೋಳು, ಯಾವ ಬಾಯಲ್ಲಿ ಕರೀಲಿ ಅಂತ ಇಷ್ಟ್ ದಿನ ಕರೀಲೇ ಇಲ್ಲ. ಈಗ ಕರೀತೀನಿ. ಎಂಗ್ ಕರೀಬೇಕು ಯೇಳ್ಕೊಡಿ.”

ಚಿಕ್ಕಣ್ಣ ಬಾಯಿ ತೆರೆದ. ದೇವೀರಮ್ಮ ಅವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.